ಸಭೆಯ ಮುಖಗಳು

ಸಭೆ ಎಂದರೆ ಜನರ ಗುಂಪು ಮಾತ್ರವಲ್ಲ. ಸಂತೆಯಲ್ಲಿಯೂ ಜನ ಸೇರುತ್ತಾರೆ, ಬಸ್ ನಿಲ್ದಾಣದಲ್ಲಿಯೂ ಸೇರುತ್ತಾರೆ. ಅವುಗಳನ್ನು ನಾವು ಸಭೆಗಳೆಂದು ಕರೆಯುವುದಿಲ್ಲ. ಸೇರಿದವರು ಒಂದು ವಿಷಯದಲ್ಲಿ ಮನಸ್ಸಿಟ್ಟು, ಒಬ್ಬರ ಮುಖವನ್ನೊಬ್ಬರು ನೋಡುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಟ್ಟಾಗ ಮಾತ್ರ ಅದು ಸಭೆಯೆನಿಸುತ್ತದೆ.

ಕರಾವಳಿಯ ತಾಳಮದ್ದಳೆಯ ಕೂಟವನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದವನ್ನು ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತಿನಿಂದಲೇ ಪಾತ್ರವನ್ನು ಕಟ್ಟುತ್ತಾರೆ. ಆ ಮಾತು ಮೊದಲೇ ಬರೆದು ಬಾಯಿಪಾಠ ಮಾಡಿದ್ದಲ್ಲ. ಎದುರಾಳಿಯ ಹುಬ್ಬು ಏರಿತೇ, ತುಟಿಯಂಚಿನಲ್ಲಿ ನಗು ಮೂಡಿತೇ, ಸಭಿಕರು ತಲೆದೂಗಿದರೇ ಎಂಬುದನ್ನು ನೋಡುತ್ತಲೇ ಅರ್ಥಧಾರಿಯು ಮುಂದಿನ ವಾದವನ್ನು ಹೂಡುತ್ತಾನೆ. ಮಾತನಾಡದೆ ಕುಳಿತವರ ಮುಖವೂ ಮಾತಿನ ದಾರಿಯನ್ನು ತಿದ್ದುತ್ತದೆ. ಮಂಗಳೂರಿನ ಕುದ್ಮುಲ್ ರಂಗರಾವ್ ಪುರಭವನದಲ್ಲಿ ನಡೆಯುವ ಸಭೆಗೂ, ನಮ್ಮ ತರಗತಿಗೂ, ಮನೆಯ ಜಗಲಿಯ ಮಾತುಕತೆಗೂ ಈ ನಿಯಮ ಒಂದೇ.

2020ರಲ್ಲಿ ಇಂತಹ ಸಭೆಗಳೆಲ್ಲ ಒಮ್ಮೆಲೇ ನಿಂತುಹೋದವು. ಕೊರೋನಾ ಸೋಂಕನ್ನು ತಡೆಯುವುದಕ್ಕಾಗಿ ಮಾರ್ಚ್ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದಿತು. ಮಂಗಳೂರಿನ ದಕ್ಷಿಣಕ್ಕೆ, ಕೇರಳದ ಗಡಿಯಲ್ಲಿರುವ ತಲಪಾಡಿಯಲ್ಲಿ ರಸ್ತೆಯನ್ನು ಮುಚ್ಚಲಾಯಿತು. ಓದಿಗೂ ಉದ್ಯೋಗಕ್ಕೂ ಚಿಕಿತ್ಸೆಗೂ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಜನರು ಗಡಿಯ ಆಚೆಗೇ ಉಳಿದರು. ಈ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ದಿನಗಳಲ್ಲಿ ಆ ನ್ಯಾಯಾಲಯವೂ ವಿಚಾರಣೆಗಳನ್ನು ನಡೆಸುತ್ತಿದ್ದುದು ವೀಡಿಯೋ ಮೂಲಕವೇ! ವಿಮಾನಗಳ ಸಂಚಾರವೂ ನಿಂತಿದ್ದರಿಂದ ಕೊಲ್ಲಿ ದೇಶಗಳಲ್ಲಿದ್ದ ನಮ್ಮವರು ಊರಿಗೆ ಬರಲಾರದಾದರು. ದುಬೈಯಿಂದ ಅವರನ್ನು ಕರೆತಂದ ಮೊದಲ ವಿಶೇಷ ವಿಮಾನ ಮಂಗಳೂರಿನಲ್ಲಿ ಇಳಿದದ್ದು ಮೇ 12ರಂದು.

ಅಂತಹ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳೋಣ. ಮಂಗಳೂರಿನ ಒಂದು ಮನೆಯಲ್ಲಿ ಅಜ್ಜಿಯೂ ಮೊಮ್ಮಗನೂ ಇದ್ದಾರೆ. ಹಿರಿಯ ಮಗ ದುಬೈಯಲ್ಲಿ, ಕಿರಿಯ ಮಗ ಮುಂಬಯಿಯಲ್ಲಿ, ಮಗಳು ಗಡಿಯಾಚೆ ಮಂಜೇಶ್ವರದಲ್ಲಿ. ಎಲ್ಲರೂ ಒಂದೇ ವೀಡಿಯೋ ಸಭೆಯಲ್ಲಿ ಸೇರಿದ್ದಾರೆ. ಹಿರಿಯ ಮಗನದು ದೊಡ್ಡ ದನಿ. ತೆರೆಯ ತುಂಬ ಅವನದೇ ಮುಖ. ಅವನು ನಿಲ್ಲಿಸಿದರೆ ಮುಂಬಯಿಯ ಮಗ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಮೆಲ್ಲನೆ ಕೇಳುತ್ತಾರೆ: "ಮಗಾ, ನಿನ್ನ ಅತ್ತೆ ಬರಲಿಲ್ಲವಾ? ಅವಳ ಮುಖವೇ ಕಾಣುವುದಿಲ್ಲವಲ್ಲ." "ಬಂದಿದ್ದಾರೆ ಅಜ್ಜಿ, ಆದರೆ ಅವರು ಮಾತನಾಡುತ್ತಿಲ್ಲ" ಎಂದು ಹುಡುಗನು ತೆರೆಯ ಒಂದು ಗುರುತನ್ನು ಒತ್ತುತ್ತಾನೆ. ಒಂದು ಮುಖವಿದ್ದಲ್ಲಿ ನಾಲ್ಕು ಚೌಕಗಳು ಮೂಡುತ್ತವೆ. ಮೂಲೆಯ ಚೌಕದಲ್ಲಿ ಮಗಳು ಇದ್ದಾಳೆ. ಅವಳ ಕಣ್ಣು ಕೆಂಪಾಗಿದೆ. ಅಜ್ಜಿ ಮಿಕ್ಕವರ ಮಾತನ್ನು ತಡೆದು ಅವಳನ್ನು ವಿಚಾರಿಸಿಕೊಳ್ಳುತ್ತಾರೆ.

ಹುಡುಗನು ಮಾಡಿದ್ದೇನು? ತೆರೆಯ ವಿನ್ಯಾಸವನ್ನು ಬದಲಿಸಿದನು, ಅಷ್ಟೆ. ವೀಡಿಯೋ ಸಭೆಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ನೋಡಬಹುದು. ಮೊದಲನೆಯದು ಸ್ಪೀಕರ್ ನೋಟ. ಇದರಲ್ಲಿ ಯಾರ ಕಡೆಯಿಂದ ದನಿ ಬರುತ್ತದೆಯೋ ಅವರ ಚಿತ್ರವನ್ನು ಯಂತ್ರವು ದೊಡ್ಡದಾಗಿ ತೋರಿಸುತ್ತದೆ. ಯಂತ್ರವು ಗುರುತಿಸುವುದು ಶಬ್ದವನ್ನೇ ಹೊರತು ಮಾತಿನ ತೂಕವನ್ನಲ್ಲ. ಕೆಲವೊಮ್ಮೆ ಒಂದು ಕೆಮ್ಮು ಅಥವಾ ಅಡುಗೆಮನೆಯ ಕುಕ್ಕರಿನ ಶಿಳ್ಳೆ ಕೂಡ ಒಬ್ಬರನ್ನು ಸಭೆಯ ನಡುವೆ ತಂದು ನಿಲ್ಲಿಸುತ್ತದೆ. ಎರಡನೆಯದು ಗ್ಯಾಲರಿ ನೋಟ. ಇದರಲ್ಲಿ ಎಲ್ಲರೂ ಸಮನಾದ ಚೌಕಗಳಲ್ಲಿ ಕಾಣುತ್ತಾರೆ. ಜೂಮ್‌ನಲ್ಲಿ ಕಂಪ್ಯೂಟರಿನ ತೆರೆಯ ಮೇಲ್ಭಾಗದ 'ವ್ಯೂ' ಎಂಬಲ್ಲಿಯೂ, ಗೂಗಲ್ ಮೀಟ್‌ನಲ್ಲಿ ಮೂರು ಚುಕ್ಕೆಗಳ ಗುರುತನ್ನು ಒತ್ತಿದಾಗಲೂ ಈ ಆಯ್ಕೆಗಳು ದೊರೆಯುತ್ತವೆ.

ಒಂದು ಪುಟದಲ್ಲಿ ಕಾಣುವ ಮುಖಗಳಿಗೂ ಮಿತಿಯುಂಟು. 2020ರ ಏಪ್ರಿಲಿನವರೆಗೆ ಗೂಗಲ್ ಮೀಟ್‌ನ ಚೌಕದ ವಿನ್ಯಾಸದಲ್ಲಿ ನಾಲ್ವರು ಮಾತ್ರ ಕಾಣುತ್ತಿದ್ದರು. ಬೇಡಿಕೆ ಹೆಚ್ಚಿದಂತೆ ಆ ಸಂಖ್ಯೆ ಮೊದಲು 16ಕ್ಕೂ, ಅದೇ ವರ್ಷ 49ಕ್ಕೂ ಏರಿತು. ಜೂಮ್‌ನಲ್ಲಿಯೂ ಕಂಪ್ಯೂಟರ್ ಸಮರ್ಥವಾಗಿದ್ದರೆ ಸಾಲಿಗೆ ಏಳರಂತೆ ಏಳು ಸಾಲು, ಅಂದರೆ 49 ಮುಖಗಳನ್ನು ಕಾಣಬಹುದು. ಆದರೆ ಚೌಕಗಳು ಹೆಚ್ಚಿದಷ್ಟೂ ಮುಖಗಳು ಕಿರಿದಾಗುತ್ತವೆ. ಮೊಬೈಲಿನ ಸಣ್ಣ ತೆರೆಯಲ್ಲಿ ಒಮ್ಮೆಗೆ ಕೆಲವರಷ್ಟೇ ಕಾಣುವುದರಿಂದ, ಪುಸ್ತಕದ ಹಾಳೆ ತಿರುವಿದಂತೆ ಬೆರಳಿನಿಂದ ಸರಿಸಿ ಉಳಿದವರನ್ನು ನೋಡಬೇಕು. ಮೊದಲ ಪುಟದಲ್ಲಿ ಇಲ್ಲದವರು ಸಭೆಯಲ್ಲಿಯೂ ಇಲ್ಲವೆಂದು ಭಾವಿಸಬಾರದು.

ಹಾಗಾದರೆ ಗ್ಯಾಲರಿ ನೋಟವೇ ಯಾವಾಗಲೂ ಮೇಲೇ? ಹಾಗೆಂದು ಹೇಳಲಾಗದು. ಕಿವಿ ಕೇಳದ ವಿದ್ಯಾರ್ಥಿಯೊಬ್ಬನು ಸಭೆಯಲ್ಲಿದ್ದರೆ, ಅವನಿಗೆ ಸಂಜ್ಞಾಭಾಷೆಯಲ್ಲಿ ವಿವರಿಸುವವರ ಕೈಗಳು ಸ್ಪಷ್ಟವಾಗಿ ಕಾಣಬೇಕು. ಆದರೆ ಅವರು ದನಿಯಿಂದ ಮಾತನಾಡುವವರಲ್ಲ. ಆದುದರಿಂದ ಯಂತ್ರವು ಅವರನ್ನು ತಾನಾಗಿ ಮುಂದಕ್ಕೆ ತರುವುದಿಲ್ಲ. ಇದಕ್ಕಾಗಿಯೇ 'ಪಿನ್' ಎಂಬ ಸೌಲಭ್ಯವಿದೆ. ಗೋಡೆಗೆ ಚಿತ್ರವನ್ನು ಮೊಳೆಯಿಂದ ನಿಲ್ಲಿಸುವಂತೆ, ಒಬ್ಬರ ಚೌಕವನ್ನು ನಮ್ಮ ತೆರೆಯಲ್ಲಿ ಕದಲದಂತೆ ನಿಲ್ಲಿಸಬಹುದು. ಇದರಿಂದ ಬದಲಾಗುವುದು ನಮ್ಮ ತೆರೆ ಮಾತ್ರ. ಸಭೆ ನಡೆಸುವವರು ಒಬ್ಬರನ್ನು 'ಸ್ಪಾಟ್‌ಲೈಟ್' ಮಾಡಿದರೆ, ಎಲ್ಲರ ತೆರೆಯಲ್ಲಿಯೂ ಅವರೇ ಮುಂದೆ ಬರುತ್ತಾರೆ. ಪಿನ್ ಎಂಬುದು ನಮ್ಮ ಕಣ್ಣಿನ ಆಯ್ಕೆ. ಸ್ಪಾಟ್‌ಲೈಟ್ ಎಂಬುದು ಅಧ್ಯಕ್ಷರ ಆಯ್ಕೆ.

ಅಧ್ಯಾಪಕರು ಪಾಠದ ಚಿತ್ರವನ್ನು ತೆರೆಯ ಮೇಲೆ ಹಂಚಿಕೊಂಡಾಗ ಮುಖಗಳು ಒಂದು ಬದಿಗೆ ಸರಿದು ಚಿಕ್ಕದಾಗುತ್ತವೆ. ಜೂಮ್‌ನಲ್ಲಿ ಚಿತ್ರವನ್ನೂ ಮುಖಗಳನ್ನೂ ಅಕ್ಕಪಕ್ಕದಲ್ಲಿರಿಸಿ, ನಡುವಿನ ಗೆರೆಯನ್ನು ಎಳೆದು ಎರಡಕ್ಕೂ ಬೇಕಾದಷ್ಟು ಜಾಗವನ್ನು ಕೊಡಬಹುದು. ಇನ್ನೊಂದು ಸಣ್ಣ ಉಪಾಯವೂ ಉಂಟು. ಮುಖಗಳಿರುವ ಕಿಟಕಿಯನ್ನು ಕ್ಯಾಮೆರಾದ ಹತ್ತಿರಕ್ಕೆ ಸರಿಸಿಕೊಂಡರೆ, ನಾವು ಎದುರಿನವರನ್ನೇ ನೋಡಿ ಮಾತನಾಡುತ್ತಿರುವಂತೆ ಅವರಿಗೆ ತೋರುತ್ತದೆ. ನಮ್ಮ ಮುಖವನ್ನೇ ನಾವು ಗಂಟೆಗಟ್ಟಲೆ ನೋಡುತ್ತಿರುವುದೂ ಆಯಾಸಕ್ಕೆ ಒಂದು ಕಾರಣವೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಾದಿಸಿದರು. ನಮ್ಮ ಚೌಕವನ್ನು ನಮ್ಮ ಕಣ್ಣಿನಿಂದ ಮಾತ್ರ ಮರೆಮಾಡುವ ಅನುಕೂಲವೂ ಇದೆ. ಆಗಲೂ ಉಳಿದವರಿಗೆ ನಾವು ಕಾಣುತ್ತಲೇ ಇರುತ್ತೇವೆ.

ಇಷ್ಟೆಲ್ಲ ಇದ್ದರೂ ತೆರೆಯಲ್ಲಿ ಕಾಣದ ಕೆಲವರು ಇದ್ದೇ ಇರುತ್ತಾರೆ. ಸಂಪರ್ಕ ಕ್ಷೀಣವಾಗಿರುವ ಮನೆಯ ವಿದ್ಯಾರ್ಥಿಯು ಪಾಠವನ್ನಾದರೂ ಕೇಳೋಣವೆಂದು ಕ್ಯಾಮೆರಾವನ್ನು ಆರಿಸಿರಬಹುದು. ಇಡೀ ಮನೆಗೆ ಒಂದೇ ಕೋಣೆಯಿರುವವರು ಅದನ್ನು ತೋರಿಸಲು ಸಂಕೋಚಪಡಬಹುದು. ಅವರ ಚೌಕದಲ್ಲಿ ಉಳಿಯುವುದು ಹೆಸರೊಂದೇ. ಮುಖವಿಲ್ಲದ ಚೌಕಗಳನ್ನು ಅಡಗಿಸುವ ಸೌಲಭ್ಯವು ಜೂಮ್‌ನಲ್ಲಿದೆ. ಅದನ್ನು ಬಳಸಿದರೆ ತೆರೆಯು ಅಂದವಾಗುತ್ತದೆ, ನಿಜ. ಆದರೆ ಆ ಹೆಸರಿನ ಹಿಂದಿರುವ ಗೆಳೆಯನನ್ನು ನಾವು ಸಭೆಯಿಂದಲೇ ಹೊರಗಿಟ್ಟಂತಾಗದೇ? ಹೆಸರು ಹಿಡಿದು ಕರೆದು, "ನಿನಗೆ ಕೇಳಿಸುತ್ತಿದೆಯೇ? ನಿನ್ನ ಅಭಿಪ್ರಾಯವೇನು?" ಎಂದು ವಿಚಾರಿಸುವ ಗುಂಡಿಯನ್ನು ಯಾವ ಯಂತ್ರದಲ್ಲಿಯೂ ಇಟ್ಟಿಲ್ಲ. ಅದು ನಮ್ಮ ಕೆಲಸ.

ಪುರಭವನದಲ್ಲಿ ಕುರ್ಚಿಗಳನ್ನು ಯಾರೋ ಜೋಡಿಸಿರುತ್ತಾರೆ. ನಾವು ಹೋಗಿ ಕುಳಿತುಕೊಳ್ಳುತ್ತೇವೆ. ತೆರೆಯ ಸಭೆಯಲ್ಲಿ ಪ್ರತಿಯೊಬ್ಬನೂ ತನ್ನ ಸಭಾಂಗಣವನ್ನು ತಾನೇ ಜೋಡಿಸಿಕೊಳ್ಳುತ್ತಾನೆ. ಯಾರನ್ನು ನೋಡಬೇಕು, ಯಾರನ್ನು ಬದಿಗೆ ಸರಿಸಬೇಕು ಎಂಬ ಅಧಿಕಾರವು ನಮ್ಮ ಬೆರಳ ತುದಿಯಲ್ಲಿದೆ. ದೊಡ್ಡ ದನಿಯವರ ನಡುವೆ ಮೌನವಾಗಿ ಕುಳಿತವರನ್ನು ಹುಡುಕುವ ಅಜ್ಜಿಯ ಕಣ್ಣು ನಮಗಿದ್ದರೆ, ಆ ಅಧಿಕಾರವು ಸಾರ್ಥಕವಾಗುತ್ತದೆ.

ಪದಗಳ ಅರ್ಥ

ಅರ್ಥಧಾರಿ – ತಾಳಮದ್ದಳೆಯಲ್ಲಿ ಪಾತ್ರದ ಮಾತನ್ನು ಆಡುವವನು
ಭಾಗವತ – ಯಕ್ಷಗಾನ, ತಾಳಮದ್ದಳೆಗಳಲ್ಲಿ ಪದಗಳನ್ನು ಹಾಡುವವನು
ವಿನ್ಯಾಸ – ಜೋಡಣೆಯ ಕ್ರಮ
ಕ್ಷೀಣ – ದುರ್ಬಲ

ಅಭ್ಯಾಸ

1. ಜನರ ಗುಂಪು ಸಭೆಯಾಗುವುದು ಯಾವಾಗ?
2. ಅರ್ಥಧಾರಿಗೆ ಎದುರಾಳಿಯ ಮುಖ ಕಾಣಬೇಕಾದುದು ಏಕೆ?
3. ಪಿನ್‌ಗೂ ಸ್ಪಾಟ್‌ಲೈಟಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
4. "ಅದು ನಮ್ಮ ಕೆಲಸ." – ಯಾವ ಕೆಲಸ? ಅದನ್ನು ಯಂತ್ರವು ಏಕೆ ಮಾಡಲಾರದು?