ಮರದ ಕೆಳಗೆ ಮಾತ್ರ ಮಳೆ: ನಂದಿಬೆಟ್ಟದಲ್ಲಿ ಕಲಿತ ಪಾಠ

ದೇವನಹಳ್ಳಿ ಕೋಟೆ, ಘಾಟಿ ಸುಬ್ರಹ್ಮಣ್ಯ ಎಲ್ಲಾ ಮುಗಿಸಿ, ಎರಡು ದಿನದ ಟ್ರಿಪ್‌ನ ಕೊನೇ ಬೆಳಗ್ಗೆ ನಾವು ಏಳು ಜನ ನಂದಿಬೆಟ್ಟಕ್ಕೆ ಹೋದೆವು. ಆಗಸ್ಟ್ ತಿಂಗಳು. ಸೂರ್ಯೋದಯ ಇರಲಿ, ಎದುರಿಗಿದ್ದ ಮರವೇ ಕಾಣುತ್ತಿರಲಿಲ್ಲ. ಬೇಜಾರಾಗಿ ಒಂದು ಮರದ ಕೆಳಗೆ ನಿಂತರೆ ತಲೆ ಮೇಲೆ ಟಪ್ ಟಪ್ ಅಂತ ಹನಿ. ಮಳೆ ಬಂತು ಅಂತ ಓಡಿ ಬಯಲಿಗೆ ಬಂದರೆ ಅಲ್ಲಿ ಮಳೆಯೇ ಇಲ್ಲ! ಮರದ ಕೆಳಗೆ ಮಾತ್ರ ಮಳೆ. ಇದು ಹೇಗೆ?

ಮೊದಲು ಮೋಡದ ಲೆಕ್ಕ ನೋಡೋಣ. ದೇವನಹಳ್ಳಿ ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 1478 ಮೀಟರ್. ಗಾಳಿ ಬೆಟ್ಟ ಏರುವಾಗ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಥರ್ಮೋಡೈನಾಮಿಕ್ಸ್‌ನಲ್ಲಿ ನಾವು ಬರೀ ಮಾರ್ಕ್ಸ್‌ಗೆ ಓದಿದ ಅಡಿಯಾಬ್ಯಾಟಿಕ್ ಎಕ್ಸ್‌ಪಾನ್ಷನ್ ಇದೇ. ಗಾಳಿಯಲ್ಲಿನ ಆವಿ ನೀರಾಗಲು ಶುರುವಾಗುವ ತಾಪಮಾನವೇ ಡ್ಯೂ ಪಾಯಿಂಟ್. ಕೆಳಗಿನ ತಾಪಮಾನಕ್ಕೂ ಡ್ಯೂ ಪಾಯಿಂಟ್‌ಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಮೋಡ ಸುಮಾರು 125 ಮೀಟರ್ ಮೇಲೆ ಹುಟ್ಟುತ್ತದೆ. ದೇವನಹಳ್ಳಿಯಲ್ಲಿ 24 ಡಿಗ್ರಿ ಇದ್ದು, ಡ್ಯೂ ಪಾಯಿಂಟ್ 20 ಇದ್ದರೆ? 4 × 125 = 500. ಅಂದರೆ 1400 ಮೀಟರ್‌ನಲ್ಲೇ ಮೋಡ. ಬೆಟ್ಟದ ತುದಿ ಮೋಡದ ಒಳಗೇ ಇರುತ್ತದೆ!

ಮೋಡದ ಹನಿಗಳು ತುಂಬಾ ಸಣ್ಣವು, ಸುಲಭಕ್ಕೆ ಕೆಳಗೆ ಬೀಳಲ್ಲ, ಗಾಳಿ ಜೊತೆ ತೇಲುತ್ತಾ ಹೋಗುತ್ತವೆ. ಎಲೆ, ಪಾಚಿ, ಕೊಂಬೆ ಅಡ್ಡ ಸಿಕ್ಕರೆ ಅಲ್ಲೇ ಅಂಟಿ, ಒಂದಕ್ಕೊಂದು ಸೇರಿ ದಪ್ಪಗಾಗಿ ತೊಟ್ಟಿಕ್ಕುತ್ತವೆ. ಅವತ್ತು ನಮ್ಮ ಕನ್ನಡಕಗಳು ಒದ್ದೆಯಾಗಿದ್ದೂ ಹೀಗೇ. ಬಯಲಲ್ಲಿಟ್ಟ ಮಳೆಮಾಪಕಕ್ಕೆ ಈ ನೀರಿನ ಲೆಕ್ಕ ಸಿಗಲ್ಲ. ಇಂಥ ನೀರು ಕುಡಿದು ಬೆಳೆಯುವುದೇ ಮೋಡದ ಕಾಡು. ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳು ಈ ಜಾತಿಯವು. ನಂದಿಯ ತುದಿಯಲ್ಲಿರೋದು ಅದರ ಪುಟ್ಟ ತುಣುಕಿನಂಥದ್ದು. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಇಷ್ಟು ದೂರದ ಈ ಬೆಟ್ಟದಲ್ಲೂ ಇದೆ. ನಮಗೆ ಕಾಣಲಿಲ್ಲ, ಬಿಡಿ.

ಇದೇ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆ ಹರಿಯುವ ನದಿ. ಬೆಂಗಳೂರಿಗೆ ನೀರು ಕೊಡಲೆಂದು ಅದಕ್ಕೆ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಈಗ ನಗರ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪ್ ಮಾಡಿ ತರುತ್ತದೆ. ಅರ್ಕಾವತಿ ಬತ್ತಲು ಕೊಳವೆಬಾವಿ, ನೀಲಗಿರಿ ತೋಪು, ಮುಚ್ಚಿಹೋದ ಕಾಲುವೆ ಎಲ್ಲವೂ ಕಾರಣ. ಬೆಟ್ಟದ ತುದಿಯ ನಾಲ್ಕು ಮರ ಉಳಿಸಿದರೆ ನದಿ ವಾಪಸ್ ಬರುತ್ತೆ ಅಂತ ನಾವು ಹೇಳ್ತಿಲ್ಲ. ಆದರೆ ಮರ ಹೋದರೆ ಅದೇ ಮೋಡ ಅದೇ ದಾರಿಯಲ್ಲಿ ಬಂದು, ಹನಿ ಕೊಡದೆ ಹಾಗೇ ದಾಟಿ ಹೋಗುತ್ತದೆ.

ಮುಂದಿನ ಸಲ ನಂದಿಗೆ ಹೋಗಿ ಸೂರ್ಯ ಕಾಣದಿದ್ದರೆ ಬೈಕೋಬೇಡಿ. ಪಾಚಿ ತುಳಿಯದೆ, ದಾರಿ ಬಿಡದೆ, ಒಂದು ಮರದ ಕೆಳಗೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಟಪ್ ಅಂತ ಬಿತ್ತಾ? ಲೆಕ್ಕ ಸರಿ ಇದೆ.