ನಿದ್ದೆ ಬಾರದಿದ್ದರೆ ಮೈ ಪರೀಕ್ಷೆ ಮಾಡಿಸೋಣ

ಹಗಲೆಲ್ಲಾ ದುಡಿದು ಸುಸ್ತಾಗಿರುತ್ತೇವೆ. ಆದರೂ ಕೆಲವರಿಗೆ ರಾತ್ರಿ ನಿದ್ದೆ ಬರೋದಿಲ್ಲ. ಹೇಳಿಕೊಂಡರೆ "ಚಿಂತೆ ಬಿಡು, ನಿದ್ದೆ ಬರುತ್ತೆ" ಅಂತಾರೆ. ನಾವು ಸುಮ್ಮನಾಗುತ್ತೇವೆ. ಇಲ್ಲವೇ ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗುತ್ತೇವೆ.

ಚಿಂತೆಯಿಂದ ನಿದ್ದೆ ಕೆಡುವುದು ನಿಜ. ಮೈಯೊಳಗಿನ ಕಾಯಿಲೆಯಿಂದಲೂ ನಿದ್ದೆ ಕೆಡುತ್ತದೆ. ಡಾಕ್ಟರು ಮೈ ಪರೀಕ್ಷೆ ಮಾಡಿದರೆ ಅದರ ಸುಳಿವು ಸಿಗಬಹುದು.

ಡಾಕ್ಟರು ಏನೇನು ನೋಡುತ್ತಾರೆ?

ಕಣ್ಣು: ಕೆಳಗಿನ ರೆಪ್ಪೆ ಎಳೆದು ನೋಡುತ್ತಾರೆ. ಒಳಗೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ ಇರಬಹುದು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಕೆಲವರಿಗೆ ರಾತ್ರಿ ಕಾಲಲ್ಲಿ ಏನೋ ಹರಿದಾಡಿದ ಹಾಗಾಗುತ್ತದೆ. ಕಾಲು ಆಡಿಸದೆ ಇರಲಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಇತ್ತು.

ಕುತ್ತಿಗೆ: ಎಂಜಲು ನುಂಗಲು ಹೇಳಿ ಕುತ್ತಿಗೆ ಮುಟ್ಟಿ ನೋಡುತ್ತಾರೆ. ಅಲ್ಲಿ ಥೈರಾಯ್ಡ್ ಗ್ರಂಥಿ ಇದೆ. ಅದು ಅತಿಯಾಗಿ ಕೆಲಸ ಮಾಡಿದರೆ ಎದೆ ಡವಡವ ಅನ್ನುತ್ತದೆ. ಕೈ ನಡುಗುತ್ತದೆ. ತೂಕ ಇಳಿಯುತ್ತದೆ. ನಿದ್ದೆ ಹತ್ತುವುದಿಲ್ಲ. ಅದಕ್ಕೇ ನಾಡಿ ಎಣಿಸುತ್ತಾರೆ, ಕೈ ಚಾಚಿಸಿ ನೋಡುತ್ತಾರೆ.

ಗಂಟಲು: ಬಾಯಿ ತೆರೆಸಿ ನೋಡುತ್ತಾರೆ. ಗಂಟಲ ದಾರಿ ಇಕ್ಕಟ್ಟಾಗಿದ್ದರೆ ಜೋರು ಗೊರಕೆ ಬರಬಹುದು. ನಡುವೆ ಉಸಿರು ನಿಂತು, ಪದೇ ಪದೇ ಎಚ್ಚರವಾಗಬಹುದು. ಇಂಥವರಿಗೆ ನಿದ್ದೆ ಮಾತ್ರೆ ಅಪಾಯ ತರಬಹುದು. ಬಿ.ಪಿ.ಯನ್ನೂ ತೂಕವನ್ನೂ ನೋಡುತ್ತಾರೆ.

ಎದೆ, ಕಾಲು: ಕೊಳವೆ ಇಟ್ಟು ಎದೆಯ ಸದ್ದು ಕೇಳುತ್ತಾರೆ. ಉಬ್ಬಸ ಇದ್ದರೆ ತಿಳಿಯುತ್ತದೆ. ಪಾದ ಒತ್ತಿ ಬಾವು ಇದೆಯೇ ನೋಡುತ್ತಾರೆ. ಮಲಗಿದರೆ ಉಸಿರು ಕಟ್ಟಿ, ಎದ್ದು ಕೂತರೆ ಹಗುರಾಗುತ್ತದೆಯೇ? ಅದು ಹೃದಯದ ತೊಂದರೆ ಇರಬಹುದು. ತಡ ಮಾಡಬಾರದು.

ಮೈ ಮುಟ್ಟಿಸಿಕೊಳ್ಳಲು ನಮಗೆ ನಾಚಿಕೆ. ಅದಕ್ಕೇ ಎಷ್ಟೋ ಸಲ ಮಾತ್ರೆ ಬರೆಸಿಕೊಂಡು ಎದ್ದು ಬರುತ್ತೇವೆ. ಜೊತೆಗೆ ಅಕ್ಕನನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದೊಯ್ಯೋಣ. ನರ್ಸಮ್ಮ ಹತ್ತಿರ ಇರಲಿ ಎಂದು ಕೇಳೋಣ. ಯಾಕೆ ನೋಡುತ್ತಿದ್ದೀರಿ ಎಂದೂ ಕೇಳಬಹುದು.

ಬೇಕಾದರೆ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು. ಮೈಯಲ್ಲಿ ಏನೂ ಸಿಗದಿದ್ದರೆ ನಮ್ಮ ಮಾತು ಸುಳ್ಳಾಗುವುದಿಲ್ಲ. ಆಗ ಮನಸ್ಸಿನ ನೋವು, ಮನೆಯ ಹೊಡೆತ ಬಡಿತ, ರಾತ್ರಿ ಕುಡಿಯುವ ಟೀ, ಎಲ್ಲವನ್ನೂ ಮುಚ್ಚಿಡದೆ ಹೇಳೋಣ. ಅದಕ್ಕೂ ಚಿಕಿತ್ಸೆ ಇದೆ, ನೆರವು ಇದೆ.

ಮಾತಾಡೋಣ, ಬರೆಯೋಣ
1. ಕಣ್ಣಿನ ರೆಪ್ಪೆ ಎಳೆದು ಏನು ನೋಡುತ್ತಾರೆ?
2. ಡಾಕ್ಟರ ಹತ್ತಿರ ಯಾರನ್ನು ಜೊತೆಗೆ ಕರೆದೊಯ್ಯುತ್ತೀರಿ?