ಟೈರಿನ ಒಳಮಗ್ಗುಲು ನೋಡಮ್ಮ

ಆಯುಧಪೂಜೆ ದಿನ ನಾಲ್ಕು ಚಕ್ರದಡಿಗೂ ನಿಂಬೆಹಣ್ಣಿಟ್ಟು ಹೊಸ ಕಾರು ಹೊರಡಿಸಿದೆ, ಸಂತೋಷ. ಆ ಚಕ್ರಗಳನ್ನು ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬಿಚ್ಚಿ ಹಿಂದುಮುಂದು ಮಾಡುವುದನ್ನೂ ನೀನೇ ಕಲಿ. ದುಡ್ಡು ಉಳಿಯಲಿ ಅಂತಲ್ಲ, ಅಂಗಡಿಯವರು ತೆಗೆದುಕೊಳ್ಳುವುದು ದೊಡ್ಡ ಮೊತ್ತವೇನಲ್ಲ. ಚಕ್ರ ಕೈಗೆ ಬಂದಾಗಲೇ ಟೈರಿನ ಒಳಮಗ್ಗುಲು ಕಣ್ಣಿಗೆ ಬೀಳುವುದು. ಹೊರಗಿನಿಂದ ಹೊಸದರಂತಿದ್ದು, ಒಳಗಂಚು ನೈಸಾಗಿರುವ ಟೈರುಗಳು ಬೇಕಾದಷ್ಟಿವೆ.

ಒಳಗಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿರಬಹುದು. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಗೀರುಗಳ ತಳದಲ್ಲಿ ಅಡ್ಡಡ್ಡ ಸಣ್ಣ ದಿಂಡುಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಟೈರು ಆ ಮಟ್ಟಕ್ಕೆ ಸವೆದರೆ ಬದಲಿಸಲೇಬೇಕು. ಕಾರಣ ಸರಿಮಾಡದೆ ಬರೀ ಜಾಗ ಬದಲಿಸಿದರೆ ಇನ್ನೆರಡು ಟೈರನ್ನೂ ಕೆಡಿಸಿದಂತೆ.

ನಿನ್ನದು ಮುಂದಿನ ಚಕ್ರಗಳೇ ಎಳೆಯುವ ಗಾಡಿ. ಎಳೆತ, ತಿರುವು, ಬ್ರೇಕಿನ ಹೆಚ್ಚಿನ ಭಾರ ಎಲ್ಲ ಆ ಎರಡರ ತಲೆಗೇ. ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೊರಟರೆ ಇನ್ನೂ ಬೇಗ ಸವೆಯುತ್ತವೆ. ಅವನ್ನು ನೇರ ಹಿಂದಕ್ಕೆ ಹಾಕು. ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ ಬರಲಿ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಮಾತ್ರ ಎಡದ್ದು ಎಡದಲ್ಲೇ, ಬಲದ್ದು ಬಲದಲ್ಲೇ ಇರಬೇಕು.

ಇರುವುದು ಒಂದೇ ಜಾಕ್ ಅಂತ ಹೆದರಬೇಡ, ಸ್ಟೆಪ್ನಿ ಇದೆಯಲ್ಲ. ಮುಂದಿನ ಎಡಗಡೆ ಎತ್ತಿ, ಟೈರು ತೆಗೆದು, ಅಲ್ಲಿ ಸ್ಟೆಪ್ನಿ ಹಾಕು. ತೆಗೆದದ್ದು ಹಿಂದಿನ ಎಡಕ್ಕೆ; ಅಲ್ಲಿಂದ ಬಂದದ್ದು ಮುಂದಿನ ಬಲಕ್ಕೆ; ಅಲ್ಲಿಯದು ಹಿಂದಿನ ಬಲಕ್ಕೆ; ಅಲ್ಲಿಯದು ಮುಂದಿನ ಎಡಕ್ಕೆ. ಸ್ಟೆಪ್ನಿ ವಾಪಸ್ ಡಿಕ್ಕಿಗೆ. ಐದು ಸಲ ಎತ್ತಿದರೆ ಮುಗಿಯಿತು. ಸ್ಟೆಪ್ನಿ ಚಿಕ್ಕ ಅಳತೆಯದಾದರೂ ಚಿಂತೆಯಿಲ್ಲ, ಗಾಡಿ ನಿಂತಲ್ಲೇ ಇರುತ್ತದೆ.

ಇಳಿಜಾರಿನಲ್ಲಿ, ಮಣ್ಣಿನ ಮೇಲೆ ಈ ಕೆಲಸ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡು. ನಟ್ಟು ಸಡಿಲಿಸುವುದು ಚಕ್ರ ನೆಲದಲ್ಲಿರುವಾಗಲೇ. ಜಾಕನ್ನು ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಕೊಟ್ಟು, ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನಡಿ ಮಲಗಿಸು. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಅಡಿಗೆ ಕೈಕಾಲು ಹಾಕಲೇಬೇಡ.

ನಮ್ಮ ಡಿಪೋ ಕಡೆ ಕೇಳಿದರೆ, ಬಸ್ಸಿಗೆ ಒಳ್ಳೆಯ ಟೈರು ಮುಂದಕ್ಕೆ, ರೀಸೋಲ್ ಟೈರು ಹಿಂದಕ್ಕೆ ಅನ್ನುತ್ತಾರೆ. ಬಸ್ಸಿಗೆ ಅದು ಸರಿ. ಕಾರಿಗೆ ಎರಡೇ ಹೊಸ ಟೈರು ಕೊಂಡಾಗ ಹಿಂದಕ್ಕೇ ಹಾಕಿಸು. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್. ಮಳೆಯಲ್ಲಿ ಆ ವೇಗದಲ್ಲಿ ಹಿಂದಿನ ಟೈರು ಹಿಡಿತ ಬಿಟ್ಟರೆ ಗಾಡಿ ಗಿರಕಿ ಹೊಡೆಯುತ್ತದೆ, ಸ್ಟೇರಿಂಗ್ ನಿನ್ನ ಮಾತು ಕೇಳುವುದಿಲ್ಲ.

ನಟ್ಟುಗಳನ್ನು ಸುತ್ತಲೂ ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿ ಮಾಡು. ಕೊನೆಯ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುವ ಶೌರ್ಯ ಬೇಡ, ಬೋಲ್ಟಿಗೆ ಎಣ್ಣೆಯೂ ಬೇಡ. ಐವತ್ತು-ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಿಗಿ ಮತ್ತೊಮ್ಮೆ ನೋಡು. ಮುಂದಿನದಕ್ಕೂ ಹಿಂದಿನದಕ್ಕೂ ಗಾಳಿಯ ಅಳತೆ ಬೇರೆ ಇರಬಹುದು, ಡ್ರೈವರ್ ಬಾಗಿಲ ಬದಿಯ ಚೀಟಿ ಓದಿ ಹಿಡಿಸು. ಹಾಗೇ ಸ್ಟೆಪ್ನಿಗೂ ಹಿಡಿಸು, ಅದನ್ನು ಎಲ್ಲರೂ ಮರೆಯುತ್ತಾರೆ.